ಮಳೆಗಾಲಕ್ಕೆ ಮುಂಚೆ ಮನೆಯ ಮರ ನೋಡಿ

ಮಲೆನಾಡಿನ ಹಳೆ ಮನೆಯಲ್ಲಿ ಮರ ಹಾಳಾದರೆ ಎಲ್ಲರೂ ಬಯ್ಯುವುದು ಗೆದ್ದಲನ್ನು. ಗೆದ್ದಲಿಗಿಂತ ಮೊದಲೇ ಅಲ್ಲಿಗೆ ನೀರು ಬಂದಿರುತ್ತದೆ. ಒಡೆದ ಹೆಂಚಿನ ಕೆಳಗೆ, ಕಸ ಕಟ್ಟಿದ ಸೂರಿನ ದೋಣಿಯ ಪಕ್ಕ, ಗೋಡೆಯೊಳಗೆ ಹೂತ ತೊಲೆಯ ತುದಿಯಲ್ಲಿ ಕುಂಬು, ಅಂದರೆ ಮರದ ಕೊಳೆತ, ಶುರುವಾಗುವುದು. ಏಪ್ರಿಲ್‌ನಲ್ಲಿ ಹೆಂಚು ಕೈಯಾಡಿಸುವಾಗ ಹೆಂಚು ಹೊರುವ ಪಕಾಸು, ರೀಪುಗಳನ್ನೂ ತಿವಿದು ನೋಡಿ. ಸ್ಕ್ರೂಡ್ರೈವರ್ ಅರ್ಧ ಇಂಚು ಸಲೀಸಾಗಿ ಇಳಿದರೆ ಆ ತುಂಡು ಹೋಯಿತೆಂದೇ ಲೆಕ್ಕ, ಯಾವ ಎಣ್ಣೆ ಬಳಿದರೂ ಗಟ್ಟಿಯಾಗದು.

ಹಿಂದಿನವರು ಕಂಬವನ್ನು ಕಲ್ಲಿನ ಮೇಲೆ ನಿಲ್ಲಿಸಿದ್ದು ಬರೀ ಅಂದಕ್ಕಲ್ಲ. ನೆಲದ ತೇವ ಮರಕ್ಕೆ ಏರುವುದಿಲ್ಲ, ಗೆದ್ದಲು ಬಂದರೂ ಅದರ ಮಣ್ಣಿನ ಗೆರೆ ಕಲ್ಲಿನ ಮೇಲೆ ಕಣ್ಣಿಗೆ ಬೀಳುತ್ತದೆ. ಈಗ ಟೈಲ್ಸ್ ಹಾಕಿಸುವ ಭರದಲ್ಲಿ ಆ ಕಲ್ಲನ್ನೇ ಕಾಂಕ್ರೀಟಿನಲ್ಲಿ ಮುಚ್ಚುತ್ತಾರೆ. ನೆಲ ಒರೆಸಿದ ನೀರು ಸುತ್ತ ಇಂಗಿ, ಮೇಲೆ ಬಣ್ಣ ಹೊಳೆಯುತ್ತಿರುವಾಗಲೇ ಒಳಗೆ ಬುಡ ಕೊಳೆತಿರುತ್ತದೆ. ಕಲ್ಲು ನಾಲ್ಕು ಇಂಚಾದರೂ ಹೊರಗೆ ಕಾಣಬೇಕು.

ಗೆರೆ ಕಂಡ ಕೂಡಲೇ ಕೆರೆದು ಸೀಮೆಎಣ್ಣೆ ಸುರಿದರೆ ಅಲ್ಲಿದ್ದವಷ್ಟೇ ಸಾಯುತ್ತವೆ, ಗೂಡಿರುವುದು ಮಣ್ಣಿನಲ್ಲಿ. ಒಂದಿಂಚು ಮಾತ್ರ ಒಡೆದು ಎರಡು ದಿನ ಬಿಡಿ. ಮತ್ತೆ ಮಣ್ಣು ಮೆತ್ತಿದ್ದರೆ ಓಡಾಟವಿದೆ. ಇಮಿಡಾಕ್ಲೋಪ್ರಿಡ್ 30.5 ಎಸ್‌ಸಿ ಔಷಧಿಯನ್ನು ಲೀಟರ್ ನೀರಿಗೆ 2.1 ಮಿ.ಲೀ.ನಂತೆ ಬೆರೆಸಿ, ಗೋಡೆಯಂಚಿನ ಮಣ್ಣಿನಲ್ಲಿ ಅಡಿಗೊಂದರಂತೆ ಅಡಿ ಆಳದ ತೂತು ಮಾಡಿ ಸುರಿಯಿರಿ. ಮೀಟರ್ ಉದ್ದಕ್ಕೆ ಎರಡೂಕಾಲು ಲೀಟರ್ ಹಿಡಿಯುತ್ತದೆ. ನಿಧಾನವಾಗಿ ಕೊಲ್ಲುವ ಔಷಧಿ ಇದು, ಮರುದಿನವೇ ಫಲ ಹುಡುಕಬೇಡಿ. ಬಾವಿಯ ಹತ್ತಿರ ಮಾತ್ರ ಬೇಡವೇ ಬೇಡ.

ಹಿಟ್ಟಿನಂಥ ನುಣ್ಣನೆಯ ಪುಡಿ ಉದುರಿದರೆ ಅದು ಕುಟ್ಟೆ ಹುಳು. ಹೆಚ್ಚಾಗಿ ಮರದ ಹೊರಸುತ್ತಿನ ಬಿಳಿ ಭಾಗವನ್ನೇ ತಿನ್ನುತ್ತದೆ, ಒಳಗಿನ ಗಟ್ಟಿ ಚೇಗಿನ ತಂಟೆಗೆ ಹೋಗುವುದು ಕಡಿಮೆ. ತೂತು ಕಂಡ ಮಾತ್ರಕ್ಕೆ ಗಾಬರಿ ಬೇಡ, ಹುಳು ಹಾರಿಹೋದ ಹಳೆ ತೂತೂ ಇರಬಹುದು. ಗುಡಿಸಿ, ಕೆಳಗೆ ಕಪ್ಪು ಕಾಗದ ಹಾಸಿ ಹದಿನೈದು ದಿನ ನೋಡಿ. ಹೊಸ ಪುಡಿ ಬಿದ್ದಿದ್ದರೆ ಲೀಟರ್ ಬಿಸಿನೀರಿಗೆ 60 ಗ್ರಾಂ ಬಿಳಿಗಾರ, ಅಂದರೆ ಬೋರಾಕ್ಸ್, 40 ಗ್ರಾಂ ಬೋರಿಕ್ ಪುಡಿ ಕರಗಿಸಿ ಎರಡು ಸಲ ಬಳಿಯಿರಿ. ವಾರ್ನಿಷ್ ಇದ್ದರೆ ಮೊದಲು ಉಜ್ಜಿ ತೆಗೆಯಬೇಕು, ಇಲ್ಲದಿದ್ದರೆ ಒಳಗಿಳಿಯದು.

ಈ ನೀರು ಮಳೆ ಬಡಿಯುವ ಕಡೆ ತೊಳೆದುಹೋಗುತ್ತದೆ. ಅಲ್ಲಿಗೆ ಗೇರುಬೀಜದ ಸಿಪ್ಪೆಯಿಂದ ತೆಗೆದ ಗೇರೆಣ್ಣೆಯೇ ಸರಿ. ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ, ಕೈಗವಸು ಹಾಕಿಕೊಳ್ಳಿ. ಫೆಬ್ರವರಿ, ಮಾರ್ಚ್ ಬಿಸಿಲಿನಲ್ಲಿ ತೆಳುವಾಗಿ ಬಳಿಯಿರಿ. ದಪ್ಪಗೆ ಬಳಿದರೆ ಎಷ್ಟು ದಿನವಾದರೂ ಅಂಟಂಟು.