ಮಗುವಿಗೆ ತೀವ್ರ ಅಲರ್ಜಿ ಇದ್ದರೆ ತುರ್ತು ಔಷಧದ ಡಬ್ಬಿ ಹೇಗಿರಬೇಕು?

ಶೇಂಗಾ, ಗೋಡಂಬಿ, ಹಾಲು, ಮೊಟ್ಟೆ, ಸೀಗಡಿ, ಜೇನುಹುಳದ ಕಡಿತ. ಇವುಗಳಲ್ಲಿ ಯಾವುದೋ ಒಂದು ಕೆಲವು ಮಕ್ಕಳ ಮೈಗೆ ಆಗುವುದೇ ಇಲ್ಲ. ಹೆಚ್ಚಿನ ಸಲ ಪಿತ್ತದ ಗಂಧೆ ಎದ್ದು, ತುರಿಸಿ, ಸ್ವಲ್ಪ ಹೊತ್ತಿಗೆ ಇಳಿದುಹೋಗುತ್ತದೆ. ಕೆಲವೊಮ್ಮೆ ಅಷ್ಟಕ್ಕೇ ನಿಲ್ಲುವುದಿಲ್ಲ. ತುಟಿ, ನಾಲಿಗೆ ಊದಿಕೊಳ್ಳುತ್ತವೆ. ಅಳುವಿನ ದನಿ ಒಡೆಯುತ್ತದೆ. ಕೆಮ್ಮು, ಉಬ್ಬಸ, ಮೇಲಿಂದ ಮೇಲೆ ವಾಂತಿ. ಮಗು ಬಿಳಿಚಿಕೊಂಡು ಸೋತುಬೀಳುತ್ತದೆ. ವೈದ್ಯರು ಇದನ್ನು ಅನಾಫಿಲ್ಯಾಕ್ಸಿಸ್ ಎನ್ನುತ್ತಾರೆ. ಇಲ್ಲಿ ಲೆಕ್ಕ ಗಂಟೆಗಳದ್ದಲ್ಲ, ನಿಮಿಷಗಳದ್ದು.

ಇದಕ್ಕೆ ಮೊದಲ ಔಷಧ ಒಂದೇ. ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್. ಇದು ಅಪರೂಪದ ಔಷಧವಲ್ಲ, ನಮ್ಮ ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲೇ ಇದೆ. ಆದರೆ ಅಮೆರಿಕ, ಇಂಗ್ಲೆಂಡ್‌ಗಳಲ್ಲಿ ಸಿಗುವಂಥ, ತೊಡೆಗೆ ಒತ್ತಿದರೆ ತಾನೇ ಚುಚ್ಚುವ ಪೆನ್ ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ನಮಗೆ ಸಿಗುವುದು ಒಂದು ಮಿಲಿಲೀಟರಿನ ಪುಟ್ಟ ಗಾಜಿನ ಆಂಪ್ಯೂಲ್. ಅದನ್ನು ಮುರಿಯಬೇಕು, ಅಳೆದು ಎಳೆಯಬೇಕು, ಚುಚ್ಚಬೇಕು. ಹಾಗಾಗಿ ಔಷಧ ಕೊಂಡು ತಂದ ಮಾತ್ರಕ್ಕೆ ನಮ್ಮ ಕೆಲಸ ಮುಗಿಯುವುದಿಲ್ಲ. ಸರಿಯಾದ ಸಿರಿಂಜ್, ಸರಿಯಾದ ಅಳತೆ, ಕಲಿತ ಕೈ ಮೂರೂ ಸೇರಬೇಕು. ಇದನ್ನೆಲ್ಲ ಹೊಂದಿಸಿಕೊಳ್ಳುವುದು ಹೇಗೆ ಎಂದು ನೋಡೋಣ.

ಮೊದಲು ವೈದ್ಯರಿಂದ ಎರಡು ಕಾಗದ

ಮಕ್ಕಳ ವೈದ್ಯರ ಅಥವಾ ಅಲರ್ಜಿ ತಜ್ಞರ ಬಳಿ ಹೋದಾಗ ಎರಡು ಕಾಗದ ಕೇಳಿ ಪಡೆಯಿರಿ. ಒಂದು ಔಷಧ ಚೀಟಿ. ಇನ್ನೊಂದು, ಯಾವ ಲಕ್ಷಣ ಕಂಡರೆ ಏನು ಮಾಡಬೇಕು ಎಂದು ಬರೆದ ತುರ್ತು ಸೂಚನೆ. ಎರಡನೆಯದನ್ನು ಕನ್ನಡದಲ್ಲೇ ಬರೆಸಿಕೊಳ್ಳಿ. ಆ ಹೊತ್ತಿಗೆ ಮನೆಯಲ್ಲಿರುವವರು ಅಜ್ಜಿಯೋ, ಚಿಕ್ಕಮ್ಮನೋ ಆಗಿರಬಹುದು ಅಲ್ವಾ?

ಡೋಸ್ ನಿಂತಿರುವುದು ಮಗುವಿನ ತೂಕದ ಮೇಲೆ. ಒಂದು ಕೆಜಿಗೆ 0.01 ಮಿಲಿಗ್ರಾಂ ಎಂಬುದು ಎಲ್ಲೆಡೆ ಬಳಕೆಯಲ್ಲಿರುವ ಲೆಕ್ಕ. ನಮ್ಮಲ್ಲಿ ಸಿಗುವ ಆಂಪ್ಯೂಲಿನಲ್ಲಿ ಒಂದು ಮಿಲಿಲೀಟರಿಗೆ ಒಂದು ಮಿಲಿಗ್ರಾಂ ಔಷಧ ಇರುತ್ತದೆ. ಅಂದರೆ 10 ಕೆಜಿ ಮಗುವಿಗೆ 0.1 ಮಿ.ಲೀ., 15 ಕೆಜಿ ಮಗುವಿಗೆ 0.15 ಮಿ.ಲೀ. 10 ಕೆಜಿ ಮಗುವಿಗೆ ಬೇಕಾಗುವುದು ಆಂಪ್ಯೂಲಿನ ಹತ್ತನೇ ಒಂದು ಭಾಗವಷ್ಟೇ! ಮುರಿದ ಆಂಪ್ಯೂಲಿನಲ್ಲಿ ಉಳಿದದ್ದನ್ನೆಲ್ಲ ಕೊಡಬೇಕೇನೋ ಎಂದು ಯಾರೂ ಅಂದುಕೊಳ್ಳಬಾರದು. ನಿಮ್ಮ ಮಗುವಿನ ಅಳತೆಯನ್ನು ನೀವೇ ಲೆಕ್ಕ ಹಾಕಿಕೊಳ್ಳಬೇಡಿ. ವೈದ್ಯರ ಕೈಯಲ್ಲೇ ಮಿಲಿಲೀಟರಿನಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಸಿ.

ಸಿರಿಂಜ್ ಕೊಳ್ಳುವಾಗ ಎಚ್ಚರ

ಜಾಸ್ತಿ ಗೊಂದಲ ಆಗುವುದು ಇಲ್ಲೇ. ಇಂಥ ಸಣ್ಣ ಅಳತೆಗೆ 2 ಅಥವಾ 5 ಮಿ.ಲೀ. ಸಿರಿಂಜ್ ಸರಿಹೋಗುವುದಿಲ್ಲ. ಅದರಲ್ಲಿ 0.1 ಮಿ.ಲೀ. ಗೆರೆ ಹುಡುಕುವುದೇ ಕಷ್ಟ. ‘ಒಂದು ಎಂ.ಎಲ್. ಟ್ಯುಬರ್ಕ್ಯುಲಿನ್ ಸಿರಿಂಜ್’ ಎಂದೇ ಕೇಳಿ. ಅದರಲ್ಲಿ ಮಿಲಿಲೀಟರಿನ ನೂರನೇ ಒಂದು ಭಾಗದವರೆಗೂ ಗೆರೆ ಇರುತ್ತದೆ.

‘ಅದಿಲ್ಲ, ಇನ್ಸುಲಿನ್ ಸಿರಿಂಜ್ ತಗೊಳ್ಳಿ’ ಎಂದು ಅಂಗಡಿಯವರು ಹೇಳಿದರೆ ಸ್ವಲ್ಪ ತಡೆಯಿರಿ. ಅದರ ಮೇಲಿರುವುದು ಮಿಲಿಲೀಟರ್ ಅಲ್ಲ, ಯೂನಿಟ್. ಅದೂ ನಮ್ಮಲ್ಲಿ ಎರಡು ಬಗೆ. ಸಾಮಾನ್ಯವಾಗಿ ಕೆಂಪು ಮುಚ್ಚಳದ್ದು ಮಿಲಿಲೀಟರಿಗೆ 40 ಯೂನಿಟ್‌ನದು, ಕಿತ್ತಳೆ ಮುಚ್ಚಳದ್ದು ಮಿಲಿಲೀಟರಿಗೆ 100 ಯೂನಿಟ್‌ನದು. ಮೊದಲನೆಯದರಲ್ಲಿ 0.1 ಮಿ.ಲೀ. ಎಂದರೆ 4 ಯೂನಿಟ್, ಎರಡನೆಯದರಲ್ಲಿ 10 ಯೂನಿಟ್. ‘ಹತ್ತು ಯೂನಿಟ್ ಗೆರೆಯವರೆಗೆ ಎಳೆದುಕೊಡಿ’ ಎಂದು ಕಲಿತವರ ಕೈಗೆ ಕೆಂಪು ಮುಚ್ಚಳದ್ದು ಸಿಕ್ಕರೆ ಮಗುವಿಗೆ ಹೋಗುವುದು ಎರಡೂವರೆ ಪಟ್ಟು ಔಷಧ. ಮೇಲಾಗಿ ಇನ್ಸುಲಿನ್ ಸಿರಿಂಜಿಗೆ ಅಂಟಿಕೊಂಡೇ ಬರುವ ಸೂಜಿ ತುಂಬಾ ಗಿಡ್ಡ. ಅದು ಇರುವುದು ಚರ್ಮದ ಕೆಳಗೆ ಕೊಡುವುದಕ್ಕೆ. ಅಡ್ರಿನಲಿನ್ ಸ್ನಾಯುವಿಗೆ ಹೋಗಬೇಕು, ಹೋದರಷ್ಟೇ ಬೇಗ ಕೆಲಸ ಮಾಡುತ್ತದೆ.

ಸೂಜಿಯ ವಿಷಯದಲ್ಲಿ ಒಳ್ಳೆಯ ಮಾದರಿಯೊಂದು ನಮ್ಮ ಊರುಗಳಲ್ಲೇ ಇದೆ. ಮಕ್ಕಳಿಗೆ ಲಸಿಕೆ ಹಾಕುವ ಎಎನ್‌ಎಂ ಸಿಸ್ಟರ್ ಬಳಿ, ಲಸಿಕೆಯಿಂದ ಅಪರೂಪಕ್ಕೆ ಆಗುವ ತೀವ್ರ ಅಲರ್ಜಿಗೆಂದೇ ಒಂದು ಕಿಟ್ ಇರಬೇಕು ಎಂಬ ನಿಯಮವಿದೆ. ಅದರಲ್ಲಿ 3 ಅಡ್ರಿನಲಿನ್ ಆಂಪ್ಯೂಲ್, 3 ಸಣ್ಣ ಸಿರಿಂಜ್, ಒಂದು ಇಂಚಿನ 3 ಸೂಜಿ, ಹತ್ತಿ, ಫೋನ್ ನಂಬರುಗಳ ಪಟ್ಟಿ ಇರುತ್ತವೆ. ಮನೆಯ ಡಬ್ಬಿಗೂ ಇದೇ ಅಳತೆ ಸಾಕು ಎನಿಸುತ್ತದೆ. ಸೂಜಿ ಎಷ್ಟು ಉದ್ದ, ಎಷ್ಟು ದಪ್ಪ ಎಂಬುದನ್ನು ಮಾತ್ರ ಮಗುವಿನ ಮೈಕಟ್ಟು ನೋಡಿ ವೈದ್ಯರೇ ಹೇಳಲಿ.

ಮೂರು ಆಂಪ್ಯೂಲ್ ಏಕೆ? ಮೊದಲ ಡೋಸಿಗೆ ಹಿಡಿತಕ್ಕೆ ಬರದಿದ್ದರೆ 5ರಿಂದ 15 ನಿಮಿಷದಲ್ಲಿ ಎರಡನೆಯದು ಬೇಕಾಗಬಹುದು. ಗಡಿಬಿಡಿಯಲ್ಲಿ ಒಂದು ಆಂಪ್ಯೂಲ್ ಒಡೆದೂ ಹೋಗಬಹುದು.

ಕೊಳ್ಳುವಾಗ ಲೇಬಲ್ಲನ್ನು ಎರಡು ಸಲ ಓದಿ. ನಾರ್‌ಅಡ್ರಿನಲಿನ್ ಎಂಬ ಬೇರೆಯೇ ಔಷಧವಿದೆ. ಅದು ಇದಕ್ಕೆ ಬದಲಿ ಅಲ್ಲ. ಸಣ್ಣ ಮೆಡಿಕಲ್ ಶಾಪ್‌ಗಳಲ್ಲಿ ಅಡ್ರಿನಲಿನ್ ಇಟ್ಟಿರುವುದು ಕಡಿಮೆ. ತುರ್ತು ವಿಭಾಗ ಇರುವ ಆಸ್ಪತ್ರೆಯ ಔಷಧ ಅಂಗಡಿಯಲ್ಲಿ ಕೇಳುವುದು ವಾಸಿ. ಇರುವುದರಲ್ಲಿ ಅವಧಿ ಮುಗಿಯಲು ಹೆಚ್ಚು ಸಮಯ ಇರುವುದನ್ನೇ ಕೊಡಿ ಎಂದು ಕೇಳಿ. ಸಂಕೋಚ ಬೇಡ.

ಡಬ್ಬಿಯಲ್ಲಿ ಇನ್ನೇನು?

ವೈದ್ಯರು ಬರೆದುಕೊಟ್ಟಿದ್ದರೆ ಸೆಟ್ರಿಜಿನ್ ಸಿರಪ್, ಉಬ್ಬಸ ಇರುವ ಮಗುವಾದರೆ ಸಾಲ್ಬುಟಮಾಲ್ ಇನ್‌ಹೇಲರ್, ಜೊತೆಗೆ ಮಾಸ್ಕ್ ಇರುವ ಸ್ಪೇಸರ್ (ಇನ್‌ಹೇಲರಿಗೆ ಜೋಡಿಸುವ ಕೊಳವೆ). ಸಿರಪ್ಪಿಗೆ ಅಳತೆಯ ಮುಚ್ಚಳ ಅಥವಾ ಸೂಜಿಯಿಲ್ಲದ ಸಿರಿಂಜ್ ಇರಲಿ, ಅಡುಗೆಮನೆಯ ಚಮಚ ಬೇಡ. ಸಿರಪ್ ಬಾಟಲಿ ತೆರೆದ ದಿನವನ್ನು ಅದರ ಮೇಲೇ ಬರೆಯಿರಿ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಸೆಟ್ರಿಜಿನ್ ಆಗಲಿ, ಎವಿಲ್ ಆಗಲಿ ತುರಿಕೆ, ಗಂಧೆಗಳನ್ನು ಇಳಿಸುತ್ತವೆ. ಊದಿದ ಗಂಟಲನ್ನು, ಕುಸಿದ ರಕ್ತದೊತ್ತಡವನ್ನು ಸರಿಮಾಡುವುದಿಲ್ಲ. ‘ಮೊದಲು ಸಿರಪ್ ಕೊಟ್ಟು ನೋಡೋಣ’ ಎಂದು ಕಾಯುವುದರಲ್ಲೇ ಅಮೂಲ್ಯವಾದ ಹೊತ್ತು ಕಳೆದುಹೋಗುತ್ತದೆ. ಸ್ಟೆರಾಯ್ಡ್ ಔಷಧ ಕೆಲಸ ಶುರುಮಾಡುವುದಕ್ಕೇ ಗಂಟೆಗಟ್ಟಲೆ ಬೇಕು. ಉಸಿರಾಟಕ್ಕೆ ತೊಂದರೆ ಆಗಿದ್ದರೆ ಅಥವಾ ಮಗು ಸೋತುಬಿದ್ದರೆ ಅಡ್ರಿನಲಿನ್ನೇ ಮೊದಲು. ಉಳಿದದ್ದೆಲ್ಲ ಆಮೇಲೆ.

ಕೈ ಕಲಿಯಬೇಕು

ಕೆನಡಾದಲ್ಲಿ 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆಂಪ್ಯೂಲಿನಿಂದ ಮಗುವಿನ ಡೋಸ್ ಎಳೆಯುವ ಕೆಲಸವನ್ನು ಪೋಷಕರಿಗೂ ನರ್ಸ್‌ಗಳಿಗೂ ಕೊಟ್ಟು ನೋಡಿದರು. ತುರ್ತು ವಿಭಾಗದ ನರ್ಸ್‌ಗಳು ಸರಾಸರಿ ಅರ್ಧ ನಿಮಿಷದಲ್ಲಿ ಮುಗಿಸಿದರು. ಪೋಷಕರಿಗೆ ಎರಡು ನಿಮಿಷಕ್ಕಿಂತ ಜಾಸ್ತಿ ಹಿಡಿಯಿತು. ಅವರು ಎಳೆದ ಅಳತೆಯಲ್ಲೂ ಭಾರಿ ಏರುಪೇರು ಇತ್ತು. ಎದುರಿಗೆ ನರಳುವ ಮಗು ಇಲ್ಲದಾಗಲೇ ಹೀಗೆ! ನಮಗೆ ಆಂಪ್ಯೂಲೇ ಗತಿ ಎಂದಾದರೆ ಅಭ್ಯಾಸವನ್ನು ಬಿಡುವಂತಿಲ್ಲ.

ವೈದ್ಯರ ಅಥವಾ ಸಿಸ್ಟರ್ ಎದುರೇ ಕಲಿಯಿರಿ. ಇಂಜೆಕ್ಷನ್‌ಗೆ ಬಳಸುವ ಶುದ್ಧ ನೀರಿನ ಆಂಪ್ಯೂಲ್ ಸಿಗುತ್ತದೆ, ಅದರಲ್ಲೇ ಅಭ್ಯಾಸ ಮಾಡಬಹುದು. ಆಂಪ್ಯೂಲಿನ ತಲೆಗೆ ಬೆರಳಿನಿಂದ ತಟ್ಟಿ, ಮೇಲಿರುವ ಔಷಧ ಕೆಳಗಿಳಿಯಲಿ. ಕುತ್ತಿಗೆಯ ಬಳಿ ಚುಕ್ಕಿ ಇದ್ದರೆ ಅದು ನಿಮ್ಮ ಕಡೆಗಿರಲಿ. ಹತ್ತಿಯಿಂದಲೋ ಬಟ್ಟೆಯಿಂದಲೋ ಹಿಡಿದು ಆಚೆಗೆ ಮುರಿಯಿರಿ. ಹೇಳಿದ ಗೆರೆಗಿಂತ ತುಸು ಜಾಸ್ತಿ ಎಳೆದು, ಸೂಜಿ ಮೇಲೆ ಮಾಡಿ, ಗಾಳಿಯನ್ನೂ ಹೆಚ್ಚಿನ ಔಷಧವನ್ನೂ ಹೊರಹಾಕಿ ಸರಿಯಾದ ಗೆರೆಗೆ ತನ್ನಿ. ಮನೆಯಲ್ಲಿ ಕನಿಷ್ಠ ಇಬ್ಬರಿಗೆ ಇದು ಬರಬೇಕು. ತಿಂಗಳಿಗೊಮ್ಮೆ ಮತ್ತೆ ಮಾಡಿ ನೋಡಿ. ಕೆಲವು ತಿಂಗಳು ಬಿಟ್ಟರೆ ಕೈ ಮರೆಯುತ್ತದೆ.

ಸಿರಿಂಜಿಗೆ ಮೊದಲೇ ತುಂಬಿಸಿಟ್ಟರೆ ಆಗದೇ ಎಂದು ಹಲವರು ಕೇಳುತ್ತಾರೆ. ಕೆಲವು ವೈದ್ಯರು ಹಾಗೆ ತುಂಬಿಸಿ ಕೊಡುವುದುಂಟು. ಆದರೆ ಅದಕ್ಕೆ ಆಂಪ್ಯೂಲಿನ ಮೇಲಿರುವ ಅವಧಿ ಅನ್ವಯಿಸುವುದಿಲ್ಲ. ಗಾಳಿ, ಬೆಳಕು ತಾಗಿದ ಅಡ್ರಿನಲಿನ್ ಬೇಗ ಕೆಡುತ್ತದೆ. ಕೆಲವು ತಿಂಗಳಿಗೊಮ್ಮೆ ಬದಲಿಸಲೇಬೇಕು. ನೀವಾಗಿಯೇ ತುಂಬಿಸಿಡಬೇಡಿ. ವೈದ್ಯರು ಕೊಟ್ಟಿದ್ದರೆ ಬದಲಿಸುವ ದಿನಾಂಕವನ್ನೂ ಅವರಿಂದಲೇ ಬರೆಸಿ.

ಎಲ್ಲಿ ಇಡಬೇಕು?

ಅಡ್ರಿನಲಿನ್‌ಗೆ ಬಿಸಿಲೂ ಆಗದು, ಬೆಳಕೂ ಆಗದು. ಆಂಪ್ಯೂಲಿನ ಗಾಜು ಕಂದು ಬಣ್ಣದ್ದಾಗಿರುವುದು ಇದಕ್ಕಾಗಿಯೇ. ಎಷ್ಟು ಡಿಗ್ರಿಯೊಳಗೆ ಇಡಬೇಕು ಎಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ, ಅದನ್ನೇ ಪಾಲಿಸಿ. ರಾಯಚೂರು, ಕಲಬುರಗಿಯ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಅಲ್ಲಿ ಮನೆಯ ಅತಿ ತಂಪಾದ ಒಳಕೋಣೆ ಹುಡುಕಿ. ಹೊರಗೆ ಒಯ್ಯುವಾಗ, ಇನ್ಸುಲಿನ್ ಒಯ್ಯಲು ಮಾರುವ ತಂಪು ಚೀಲ ಉಪಯೋಗಕ್ಕೆ ಬರುತ್ತದೆ. ಐಸಿಗೆ ನೇರವಾಗಿ ತಾಗಿಸಬೇಡಿ. ಫ್ರೀಜರ್ ಅಂತೂ ಬೇಡವೇ ಬೇಡ. ಒಲೆಯ ಹತ್ತಿರ, ಫ್ರಿಜ್ಜಿನ ತಲೆಯ ಮೇಲೆ, ಬಿಸಿಲಿಗೆ ನಿಂತ ಕಾರಿನ ಒಳಗೆ ಕೂಡದು.

ಬೀಗ ಹಾಕಬೇಡಿ. ಮಕ್ಕಳ ಕೈಗೆ ಎಟುಕದ, ಆದರೆ ದೊಡ್ಡವರೆಲ್ಲರಿಗೂ ಗೊತ್ತಿರುವ ಒಂದೇ ಜಾಗ ಇರಲಿ. ಡಬ್ಬಿಗೆ ಎದ್ದುಕಾಣುವ ಬಣ್ಣ ಇರಲಿ. ಮಗು ಎಲ್ಲಿಗೆ ಹೋಗುತ್ತದೋ ಡಬ್ಬಿಯೂ ಅಲ್ಲಿಗೆ ಹೋಗಬೇಕು. ಮದುವೆ ಮನೆ, ಜಾತ್ರೆ, ಅಜ್ಜಿಯ ಊರು ಎಲ್ಲಿಗಾದರೂ ಸರಿ. ಪಾಯಸದಲ್ಲಿ ಗೋಡಂಬಿ, ಪಲ್ಯದ ಮೇಲೆ ಶೇಂಗಾ ಪುಡಿ ಎದುರಾಗುವುದು ಅಲ್ಲೇ ಜಾಸ್ತಿ. ಬಸ್ಸಿನಲ್ಲಿ ಹೋಗುವಾಗ ಡಬ್ಬಿ ಡಿಕ್ಕಿಗೆ ಹೋಗದೆ ನಿಮ್ಮ ಕೈಚೀಲದಲ್ಲಿರಲಿ. ವಿಮಾನದಲ್ಲಾದರೆ ವೈದ್ಯರ ಪತ್ರ ಜೊತೆಗಿರಲಿ.

ದಿನಾಂಕ ಮತ್ತು ತೂಕ

ಪ್ರತಿ ತಿಂಗಳ ಒಂದನೇ ತಾರೀಕು ಡಬ್ಬಿ ತೆರೆಯಿರಿ. ಆಂಪ್ಯೂಲನ್ನು ಬೆಳಕಿಗೆ ಹಿಡಿದು ನೋಡಿ. ಔಷಧ ನೀರಿನಂತೆ ತಿಳಿಯಾಗಿರಬೇಕು. ಗುಲಾಬಿ ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ, ಒಳಗೆ ಚೂರು ಕಂಡರೆ ಬದಲಿಸಿ. ಲೇಬಲ್ ಮೇಲೆ ತಿಂಗಳು, ವರ್ಷ ಮಾತ್ರ ಇದ್ದರೆ ಆ ತಿಂಗಳ ಕೊನೆಯ ದಿನದವರೆಗೆ ಎಂದರ್ಥ. ಎರಡು ತಿಂಗಳು ಮೊದಲೇ ಫೋನಿನಲ್ಲಿ ಅಲಾರಂ ಇಡಿ, ಅಂಗಡಿಯಲ್ಲಿ ಸಿಗದಿದ್ದರೂ ತರಿಸಿಕೊಳ್ಳಲು ಸಮಯವಿರುತ್ತದೆ. ಹೊಸದು ಕೈಗೆ ಬರುವವರೆಗೆ ಹಳೆಯದನ್ನು ಎಸೆಯಬೇಡಿ. ಪ್ರಾಣಕ್ಕೆ ಬಂದಾಗ ಅವಧಿ ಮೀರಿದ್ದೊಂದೇ ಇದ್ದು, ಅದು ತಿಳಿಯಾಗಿಯೇ ಇದ್ದರೆ, ಏನೂ ಕೊಡದೆ ಇರುವುದಕ್ಕಿಂತ ಕೊಡುವುದು ಮೇಲು.

ತೂಕವನ್ನು ಮಾತ್ರ ಬಹಳ ಮಂದಿ ಮರೆಯುತ್ತಾರೆ. ವರ್ಷ ತುಂಬಿದ ಮಗು ಸುಮಾರು 9–10 ಕೆಜಿ ಇದ್ದರೆ, ಮುಂದೆ ವರ್ಷಕ್ಕೆ ಹೆಚ್ಚುಕಡಿಮೆ ಎರಡು ಕೆಜಿ ಏರುತ್ತದೆ. ಹಳೆಯ ಚೀಟಿಯ ಡೋಸ್ ನಿಧಾನವಾಗಿ ಸಾಲದಾಗುತ್ತದೆ. ಅಂಗನವಾಡಿಯಲ್ಲಿ ತೂಕ ನೋಡಿ ತಾಯಿ ಕಾರ್ಡಿನಲ್ಲಿ ಬರೆಯುತ್ತಾರಲ್ಲ, ಅದನ್ನೇ ಆರು ತಿಂಗಳಿಗೊಮ್ಮೆ ವೈದ್ಯರಿಗೆ ತೋರಿಸಿ ಅಳತೆ ಬದಲಿಸಬೇಕೇ ಎಂದು ಕೇಳಿ.

ಹೊರದೇಶದಿಂದ ಪೆನ್ ತರಿಸುವುದಾದರೆ

ಅಮೆರಿಕದಲ್ಲಿರುವ ಅಣ್ಣನೋ, ನಾದಿನಿಯೋ ಎಪಿಪೆನ್ ತರುವುದುಂಟು. ಪೆನ್ ನಿಜಕ್ಕೂ ಸುಲಭ. ಎಪಿಪೆನ್‌ನಲ್ಲಿ ನೀಲಿ ಮುಚ್ಚಳ ತೆಗೆದು, ಕಿತ್ತಳೆ ತುದಿಯನ್ನು ತೊಡೆಗೆ ಒತ್ತಿ 3 ಸೆಕೆಂಡ್ ಹಿಡಿದರಾಯಿತು, ಬಟ್ಟೆಯ ಮೇಲಿಂದಲೂ ಆಗುತ್ತದೆ. ಆದರೆ ಮಕ್ಕಳ ಎಪಿಪೆನ್‌ನ ಅಳತೆ 0.15 ಮಿಲಿಗ್ರಾಂ, ಅದು 15ರಿಂದ 30 ಕೆಜಿ ತೂಕದವರಿಗೆಂದು ಮಾಡಿದ್ದು. ಅದಕ್ಕಿಂತ ಚಿಕ್ಕ ಮಗುವಿಗೆ ಕೊಡಬಹುದೇ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಒಂದಲ್ಲ, ಎರಡು ಪೆನ್ ಬೇಕು. ಅವುಗಳಿಗೂ ಅವಧಿ ಇದೆ, ಹಾಗಾಗಿ ಮುಂದಿನದಕ್ಕೆ ಯಾರು ತರುತ್ತಾರೆ ಎಂದು ಈಗಲೇ ಯೋಚಿಸಿ. ಸ್ವಂತ ಬಳಕೆಗೆ ನೀವೇ ಆಮದು ಮಾಡಿಕೊಳ್ಳಲು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಗೆ ಫಾರಂ 12ಎ ಅರ್ಜಿ ಸಲ್ಲಿಸಬೇಕು. ಜೊತೆಗೆ ವೈದ್ಯರ ಚೀಟಿ ಬೇಕು, ಒಪ್ಪಿಗೆ ಫಾರಂ 12ಬಿಯಲ್ಲಿ ಬರುತ್ತದೆ. ಪೆನ್ ಇದ್ದರೂ ಆಂಪ್ಯೂಲ್ ಡಬ್ಬಿಯನ್ನು ಬಿಡಬೇಡಿ ಎಂಬುದು ನನ್ನ ಸಲಹೆ.

ಶಾಲೆಯಲ್ಲಿ

ಎಲ್‌ಕೆಜಿ, ಯುಕೆಜಿ ಮಗು ತನ್ನ ತೊಂದರೆ ಹೇಳಿಕೊಳ್ಳಲಾರದು. ‘ನಾಲಿಗೆ ಚುಚ್ಚುತ್ತೆ’, ‘ಗಂಟಲಲ್ಲಿ ಏನೋ ಇದೆ’ ಎನ್ನಬಹುದಷ್ಟೇ. ಇಂಥ ಮಾತಿಗೆ ಕಿವಿಗೊಡಿ ಎಂದು ಮಿಸ್‌ಗೆ ಮೊದಲೇ ತಿಳಿಸಿ. ಶಾಲೆಗೆ ಬೇರೆಯೇ ಒಂದು ಡಬ್ಬಿ ಕೊಡಿ. ಅದರ ಮೇಲೆ ಮಗುವಿನ ಫೋಟೊ, ಅಲರ್ಜಿ ಯಾವುದಕ್ಕೆ, ಡೋಸ್, ಫೋನ್ ನಂಬರ್ ಇರಲಿ. ಇಂಜೆಕ್ಷನ್ ಕೊಡಲು ಶಾಲೆಯವರು ಹಿಂಜರಿಯುವುದು ಸಹಜ. ಒತ್ತಾಯಿಸುವ ಬದಲು ವೈದ್ಯರ ಪತ್ರ, ನಿಮ್ಮ ಒಪ್ಪಿಗೆ ಪತ್ರ ಎರಡನ್ನೂ ಕೊಟ್ಟು, ಶಾಲೆಗೆ ಹತ್ತಿರದ ಕ್ಲಿನಿಕ್ ಯಾವುದು, ಯಾರು ಕರೆದೊಯ್ಯುತ್ತಾರೆ ಎಂಬುದನ್ನು ಕೂತು ಮಾತಾಡಿಕೊಳ್ಳಿ.

ಬಳಸುವ ಹೊತ್ತು ಬಂದರೆ

ಇಂಜೆಕ್ಷನ್ ಕೊಡಿ, ಗಡಿಯಾರ ನೋಡಿ ಸಮಯ ಬರೆದುಕೊಳ್ಳಿ, 108ಕ್ಕೆ ಫೋನ್ ಮಾಡಿ. ಇನ್ನೊಬ್ಬರು ಇದ್ದರೆ ಫೋನನ್ನು ಅವರು ಮಾಡಲಿ. ಮಗುವನ್ನು ಮಲಗಿಸಿ ಕಾಲು ಎತ್ತರಿಸಿ. ಉಸಿರಾಡಲು ಕಷ್ಟವಿದ್ದರೆ ಕೂತಿರಲಿ, ವಾಂತಿ ಇದ್ದರೆ ಒಂದು ಮಗ್ಗುಲಿಗೆ ತಿರುಗಿಸಿ. ಎದ್ದು ನಿಲ್ಲಿಸುವುದು, ನಡೆಸುವುದು ಬೇಡ. ಹೆಗಲ ಮೇಲೆ ನೆಟ್ಟಗೆ ಎತ್ತಿಕೊಂಡು ಓಡುವುದೂ ಬೇಡ. ಮಗು ಚೇತರಿಸಿಕೊಂಡು ಆಡತೊಡಗಿದರೂ ಆಸ್ಪತ್ರೆಗೆ ಹೋಗಲೇಬೇಕು. ಕೆಲವು ಗಂಟೆಗಳ ನಂತರ ಎಲ್ಲವೂ ಮತ್ತೆ ಶುರುವಾಗುವ ಸಾಧ್ಯತೆ ಇರುತ್ತದೆ. ಹಾಗಾಗಿ ವೈದ್ಯರು ಸಾಕು ಎನ್ನುವವರೆಗೆ ಅಲ್ಲೇ ಇರಿ.

ಬಳಸಿದ ಆಂಪ್ಯೂಲನ್ನು ವೈದ್ಯರಿಗೆ ತೋರಿಸಿ. ಸೂಜಿಯನ್ನು ಕಸಕ್ಕೆ ಎಸೆಯದೆ, ದಪ್ಪ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಾಕಿ ಮುಚ್ಚಿ ಆಸ್ಪತ್ರೆಗೇ ಒಪ್ಪಿಸಿ. ಅಲ್ಲಿಂದ ಹೊರಡುವ ಮೊದಲು ಹೊಸ ಚೀಟಿ ಬರೆಸಿಕೊಂಡು, ಆಸ್ಪತ್ರೆಯ ಔಷಧ ಅಂಗಡಿಯಲ್ಲೇ ಆಂಪ್ಯೂಲ್, ಸಿರಿಂಜ್, ಸೂಜಿ ಕೊಂಡು ಡಬ್ಬಿ ತುಂಬಿಸಿಕೊಂಡೇ ಮನೆಗೆ ಹೊರಡಿ.