ಹಳೆಯ ಕಾಲು ಮಿಷನ್ ನಿಂತಿದೆಯೇ? ಮೊದಲು ಬೆಲ್ಟ್ ಕಳಚಿ

ವರ್ಷಗಟ್ಟಲೆ ಮೂಲೆಯಲ್ಲಿದ್ದ ಕಾಲು ತುಳಿಯುವ ಹೊಲಿಗೆ ಮಿಷನ್ ಕೆಟ್ಟುಹೋಗಿದೆ ಎಂದು ಗುಜರಿಗೆ ಹಾಕುವ ಮುನ್ನ ಒಂದು ದಿನ ಅದರ ಜೊತೆ ಕೂರಿ. ಎರಕದ ಕಬ್ಬಿಣ, ಉಕ್ಕುಗಳ ಈ ಯಂತ್ರದಲ್ಲಿ ಭಾಗಗಳು ಮುರಿಯುವುದು ಅಪರೂಪ. ಬಹಳ ಸಲ ಎಣ್ಣೆ ಒಣಗಿ ಅಂಟಾಗಿರುತ್ತದೆ, ದಾರ ಸಿಕ್ಕಿಕೊಂಡಿರುತ್ತದೆ, ಇಲ್ಲವೇ ಸೂಜಿ ತಪ್ಪು ದಿಕ್ಕಿಗೆ ಕೂತಿರುತ್ತದೆ.

ದೋಷ ಮೇಲಿನದೋ ಕೆಳಗಿನದೋ ಎಂದು ತಿಳಿಯಲು ಬೆಲ್ಟ್ ಕಳಚಿ, ಪೆಡಲ್ ತುಳಿಯಿರಿ. ಕಾಲು ತೆಗೆದ ಮೇಲೂ ದೊಡ್ಡ ಚಕ್ರ ಕೆಲವು ಸುತ್ತು ತಾನಾಗಿ ತಿರುಗಿದರೆ ಸ್ಟ್ಯಾಂಡ್ ಸರಿಯಿದೆ. ಬೇಗನೆ ನಿಂತರೆ ಚಕ್ರದ ಅಚ್ಚಿಗೆ, ಪೆಡಲ್‌ನಿಂದ ಚಕ್ರಕ್ಕೆ ಹೋಗುವ ಸರಳಿನ ಎರಡೂ ತುದಿಗೆ ಎಣ್ಣೆ ಬಿಡಿ. ಟಕಟಕ ಸದ್ದಿದ್ದರೆ ಪೆಡಲ್‌ನ ಎರಡೂ ಬದಿಯ ಚೂಪು ಮೊನೆಯ ಸ್ಕ್ರೂ ಸಡಿಲವಾಗಿದೆ. ಅದರ ಲಾಕ್ ನಟ್ ಬಿಚ್ಚಿ, ಅಲುಗಾಟ ನಿಲ್ಲುವಷ್ಟು ಮಾತ್ರ ಸ್ಕ್ರೂ ತಿರುಗಿಸಿ ಮತ್ತೆ ನಟ್ ಬಿಗಿ ಮಾಡಿ. ಹೆಚ್ಚು ಬಿಗಿಸಿದರೆ ಪೆಡಲ್ಲೇ ಹಿಡಿದುಕೊಳ್ಳುತ್ತದೆ.

ಇನ್ನು ಮಿಷನ್ನಿನ ತಲೆ. ಕೈಚಕ್ರವನ್ನು ಕೈಯಲ್ಲೇ ತಿರುಗಿಸಿ ನೋಡಿ. ಜಾಗ ಯಾವುದೇ ಇರಲಿ ಭಾರವಾಗಿ ತಿರುಗಿದರೆ ಅಂಟಿನ ಕಾಟ. ಒಂದೇ ಜಾಗದಲ್ಲಿ ಗಕ್ಕನೆ ನಿಂತರೆ ಶಟಲ್ (ಸೂಜಿಯ ಕೆಳಗೆ ಮೇಲಿನ ದಾರವನ್ನು ಹಿಡಿಯುವ ಮೊನೆಯ ಭಾಗ) ಕೂರುವ ಗೂಡಿನಲ್ಲಿ ದಾರದ ತುಂಡು ಸಿಕ್ಕಿರುವ ಸಾಧ್ಯತೆ ಹೆಚ್ಚು. ಶಟಲ್ ಬಿಚ್ಚಿ ತೆಗೆದು ನೋಡಿ.

ಅಂಟು ಬಿಡಿಸುವಾಗ ಆತುರ ಸಲ್ಲದು. ತಲೆಯನ್ನು ಹಿಂದಕ್ಕೆ ಮಗುಚುವ ಮುನ್ನ ಹಿಂಜುಗಳ ಸ್ಕ್ರೂ ಬಿಗಿಯಿದೆಯೇ ನೋಡಿಕೊಳ್ಳಿ. ಸಡಿಲವಿದ್ದರೆ ಅಷ್ಟು ಭಾರದ ತಲೆ ಕಳಚಿ ಕಾಲ ಮೇಲೇ ಬಿದ್ದೀತು. ಲೋಹಕ್ಕೆ ಲೋಹ ಉಜ್ಜುವ ಪ್ರತಿ ಕೀಲಿಗೂ, ಎಣ್ಣೆಯ ಪ್ರತಿ ತೂತಿಗೂ ಎರಡು ಮೂರು ಹನಿ ಸೀಮೆಎಣ್ಣೆ ಬಿಟ್ಟು ಒಂದು ರಾತ್ರಿ ನೆನೆಯಲು ಬಿಡಿ. ಹತ್ತಿರ ಬೆಂಕಿ ಬೇಡ. ಬೆಳಿಗ್ಗೆ ಕೈಚಕ್ರವನ್ನು ಹಿಂದೆ ಮುಂದೆ ಅಲ್ಲಾಡಿಸಿ. ಸಡಿಲವಾಗದಿದ್ದರೆ ಇನ್ನೊಂದು ರಾತ್ರಿ ಕಾಯಿರಿ, ಇಕ್ಕಳ ಹಾಕಿ ತಿರುಚಬೇಡಿ. ಸಡಿಲವಾದಾಗ ಕಂದು ಬಣ್ಣದ ಜಿಡ್ಡು ಹೊರಗೆ ಬರುತ್ತದೆ. ಅದನ್ನು ಪೂರ್ತಿ ಒರೆಸಿ, ಅಂದೇ ಪ್ರತಿ ತೂತಿಗೂ ಒಂದೊಂದು ಹನಿ ಹೊಲಿಗೆ ಮಿಷನ್ ಎಣ್ಣೆ ಹಾಕಿ. ಸೀಮೆಎಣ್ಣೆ ಕೊಳೆ ಕರಗಿಸುತ್ತದೆಯೇ ಹೊರತು ಕೀಲನ್ನು ಸವೆತದಿಂದ ಕಾಯುವುದಿಲ್ಲ. ಅಡುಗೆ ಎಣ್ಣೆ ಹಾಕಿದರೆ ಅದೇ ನಾಳಿನ ಅಂಟು. ಹೊಳಪಿನ ಚಿನ್ನದ ಚಿತ್ತಾರಕ್ಕೆ ಸ್ಪಿರಿಟ್ ತಾಗಿಸಬೇಡಿ, ಹಳೆಯ ಮೆರುಗೆಣ್ಣೆ ಕರಗಿ ಚಿತ್ತಾರ ಎದ್ದುಬರುತ್ತದೆ.

ಬೆಲ್ಟ್ ಹೊಸದು ಬೇಕಾದರೆ ಸುಮಾರು 5 ಮಿ.ಮೀ. ದಪ್ಪದ ದುಂಡು ಚರ್ಮದ ಬೆಲ್ಟ್, 6 ಅಡಿ ಉದ್ದದ್ದು ತನ್ನಿ. ಒಮ್ಮೆಗೆ 1 ಸೆಂ.ಮೀ.ಗಿಂತ ಹೆಚ್ಚು ಕತ್ತರಿಸಬೇಡಿ. ಜಾರದಷ್ಟು ಬಿಗಿ ಸಾಕು; ಅದಕ್ಕಿಂತ ಬಿಗಿಯಾದರೆ ತುಳಿಯುವವರ ಕಾಲಿಗೆ ಭಾರ.

ಕೈಚಕ್ರ ತಿರುಗಿಯೂ ಸೂಜಿ ಆಡದಿದ್ದರೆ ಚಕ್ರದ ನಡುವಿನ ತಿರುಪು ಸಡಿಲ. ಅದನ್ನು ಬಿಚ್ಚಿ ಜೋಡಿಸಿದ ಮೇಲೆ ಹಿಡಿತ ಸಿಗದೇ ಇದ್ದರೆ ಒಳಗಿನ ಕಿವಿಗಳಿರುವ ವಾಷರನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿ. ತಿರುಪಿನಲ್ಲಿರುವ ಚಿಕ್ಕ ಸ್ಕ್ರೂ ಆ ಕಿವಿಗೆ ತಗುಲಿದ್ದರಿಂದಲೇ ತಿರುಪು ಪೂರ್ತಿ ಬಿಗಿಯಾಗಿರುವುದಿಲ್ಲ.

ಹೊಲಿಗೆ ಬಿಟ್ಟುಬಿಟ್ಟು ಬೀಳುತ್ತಿದ್ದರೆ ಬೇರೆ ಏನನ್ನೂ ಮುಟ್ಟುವ ಮುಂಚೆ ಹೊಸ ಸೂಜಿ ಹಾಕಿ. ಸೂಜಿಯ ಉದ್ದ ಗೀರಿನ ಕಡೆಯಿಂದ ದಾರ ಒಳಹೋಗಬೇಕು, ಇನ್ನೊಂದು ಬದಿ ಶಟಲ್ ಮೊನೆಯ ಕಡೆಗಿರಬೇಕು, ಬುಡ ಮೇಲಿನ ತಡೆಗೆ ತಾಗುವಷ್ಟು ಒಳಗೆ ಹೋಗಿರಬೇಕು. ಅಷ್ಟಾದರೂ ಬಿಡುತ್ತಿದ್ದರೆ ಕೈಚಕ್ರ ನಿಧಾನ ತಿರುಗಿಸಿ ಗಮನಿಸಿ. ಸೂಜಿ ತೀರಾ ಕೆಳಗಿನಿಂದ 2 ರಿಂದ 2.5 ಮಿ.ಮೀ. ಮೇಲೆದ್ದಾಗ ಶಟಲ್ ಮೊನೆ ಸೂಜಿಯ ಕಣ್ಣಿಗಿಂತ ಕೊಂಚ ಮೇಲೆ ಬಂದಿರಬೇಕು. ಆಗ ತಾನೇ ದಾರದ ಕುಣಿಕೆ ಉಬ್ಬಿರುತ್ತದೆ, ಮೊನೆ ಅದನ್ನು ಹಿಡಿಯುತ್ತದೆ. ಮೊನೆ ಕಣ್ಣಿಗಿಂತ ಬಹಳ ಮೇಲೆ ಬರುತ್ತಿದ್ದರೆ ಸೂಜಿ ಸರಳು ಕೆಳಗೆ ಜಾರಿದೆ ಎಂದು ಗುರುತಿಸಿ, ಅದರ ಹಿಡಿಕೆ ಸ್ಕ್ರೂ ಸಡಿಲಿಸಿ ಸರಳನ್ನು ಮೇಲೆತ್ತಿ.

ಬಟ್ಟೆಯ ಅಡಿಯಲ್ಲಿ ದಾರ ಗೊಂಡೆಗಟ್ಟುತ್ತಿದ್ದರೆ ಕೆಳಗಿನ ದಾರ ಸುತ್ತಿದ ಬಾಬಿನ್ ಮೇಲೆ ಗುಮಾನಿ ಹೋಗುವುದು ಸಹಜ, ಆದರೆ ತಪ್ಪು ಮೇಲಿನ ದಾರದ್ದು. ಅದು ದಾರಕ್ಕೆ ಬಿಗಿ ಕೊಡುವ ಟೆನ್ಷನ್ ಬಿಲ್ಲೆಗಳ ನಡುವೆ ಕೂತಿರುವುದಿಲ್ಲ. ಬಟ್ಟೆ ಒತ್ತಿ ಹಿಡಿಯುವ ಪಾದ ಎತ್ತಿದಾಗ ಬಿಲ್ಲೆಗಳು ಸಡಿಲಾಗುತ್ತವೆ, ಆದ್ದರಿಂದ ದಾರ ಪೋಣಿಸುವಾಗ ಪಾದ ಮೇಲೇ ಇರಲಿ. ಕೈಚಕ್ರವನ್ನು ಹೆಚ್ಚಿನ ಮಿಷನ್‌ಗಳಲ್ಲಿ ನಿಮ್ಮ ಕಡೆಗೇ ತಿರುಗಿಸಬೇಕು; ಉಲ್ಟಾ ಹೋದರೂ ಇದೇ ಗೊಂಡೆ.

ಬಾಬಿನ್ ಕೇಸನ್ನು ದಾರದಿಂದ ತೂಗಿಬಿಡಿ. ತನ್ನ ಭಾರಕ್ಕೇ ಇಳಿಯಬಾರದು, ಮೆಲ್ಲಗೆ ಕುಲುಕಿದರೆ ಕೊಂಚ ಇಳಿಯಬೇಕು. ಸರ್ರನೆ ಇಳಿದರೆ ಕೇಸಿನಲ್ಲಿ ದಾರ ಒತ್ತಿ ಹಿಡಿಯುವ ಪಟ್ಟಿಯ ಕೆಳಗೆ ಹತ್ತಿಯ ನಾರು ಸಿಕ್ಕಿದೆಯೇ ಮೊದಲು ನೋಡಿ, ಆಮೇಲೆ ಪಟ್ಟಿಯ ಸ್ಕ್ರೂವನ್ನು ಕಾಲು ಸುತ್ತಿಗಿಂತ ಕಡಿಮೆ ಬಿಗಿಸಿ. ಮೇಲೆ ಕೆಂಪು, ಕೆಳಗೆ ಬಿಳಿ ದಾರ ಹಾಕಿ ಎರಡು ಪದರ ಹತ್ತಿ ಬಟ್ಟೆ ಹೊಲಿಯಿರಿ. ಕೆಂಪು ಚುಕ್ಕಿ ಅಡಿಯಲ್ಲಿ ಕಂಡರೆ ಮೇಲಿನ ಟೆನ್ಷನ್ ಬಿಗಿಸಿ, ಬಿಳಿ ಚುಕ್ಕಿ ಮೇಲೆ ಕಂಡರೆ ಸಡಿಲಿಸಿ.