ತಕಾವೊ ಬೆಟ್ಟ ಹತ್ತಿದ್ದು: ಟೋಕಿಯೊದಲ್ಲಿ ನನ್ನ ಮೊದಲ ಚಾರಣ

ಟೋಕಿಯೊಗೆ ಬಂದ ಮೊದಲ ವರ್ಷ ನಾವು ಸಕುರಾ (ಚೆರ್ರಿ) ಹೂವನ್ನು ಸರಿಯಾಗಿ ನೋಡಲೇ ಇಲ್ಲ. ಮಾರ್ಚ್ ಕೊನೆಗೆ ಮನೆ ಹತ್ತಿರದ ಮರಗಳು ಅರಳಿದಾಗ "ಮುಂದಿನ ಶನಿವಾರ ಉಯೆನೊ ಪಾರ್ಕಿಗೆ ಹೋಗೋಣ" ಅಂದುಕೊಂಡೆವು. ಮಧ್ಯೆ ಎರಡು ದಿನ ಗಾಳಿ, ಮಳೆ. ಶನಿವಾರ ಹೋಗಿ ನೋಡಿದರೆ ಕೊಂಬೆ ತುಂಬ ಎಳೆ ಎಲೆ, ಹೂವೆಲ್ಲ ನೆಲದ ಮೇಲೆ. ನನಗೆ ಅಳುವೇ ಬಂತು.

ನಮ್ಮೂರಲ್ಲಿ ಮಳೆಗಾಲ ಅಂದರೆ ತಿಂಗಳುಗಟ್ಟಲೆ ಮಳೆಗಾಲ. ಇವತ್ತಲ್ಲ ನಾಳೆ ನೋಡಿದರಾಯಿತು ಅನ್ನಬಹುದು. ಜಪಾನಿನಲ್ಲಿ ಹಾಗಲ್ಲ, ಇಲ್ಲಿ ಋತುವನ್ನು ವಾರದ ಲೆಕ್ಕದಲ್ಲಿ ನೋಡಬೇಕು. ಅಂದಿನಿಂದ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಲು ಶುರು ಮಾಡಿದೆ. ಜೂನ್‌ನಲ್ಲಿ ರಜೆ ಹಾಕಿ, ಕೊಡೆ ಹಿಡಿದುಕೊಂಡು, ಕಾಮಕುರಾದ ಹಾಸೆದೇರಾ ದೇವಸ್ಥಾನದ ಗುಡ್ಡದಲ್ಲಿ ಹೈಡ್ರೇಂಜಿಯಾ ನೋಡಿ ಬಂದೆವು. ಆಮೇಲೆ ನವೆಂಬರ್ ಕೊನೆಯ ವಾರಕ್ಕೆ ಕೆಂಪು ಪೆನ್ನಿನಲ್ಲಿ ಬರೆದೆ: ಮೊಮಿಜಿ. ಮೇಪಲ್ ಎಲೆಗಳು ಕೆಂಪಾಗುವ ಸಮಯ.

ಅದಕ್ಕೆ ಆರಿಸಿಕೊಂಡಿದ್ದು ತಕಾವೊ ಬೆಟ್ಟ. ಟೋಕಿಯೊದ ಪಶ್ಚಿಮ ಅಂಚಿನಲ್ಲಿದೆ. ಶಿಂಜುಕುವಿನಿಂದ ಕೇಯೊ ಲೈನ್ ರೈಲು ಹಿಡಿದರೆ ಒಂದು ಗಂಟೆಯೊಳಗೆ ಬುಡ ತಲುಪಬಹುದು, ಟಿಕೆಟ್ 500 ಯೆನ್‌ಗಿಂತ ಕಡಿಮೆ. ತುದಿಯ ಎತ್ತರ 599 ಮೀಟರ್. ನಮ್ಮ ಬೆಂಗಳೂರು ಊರೇ ಸುಮಾರು 900 ಮೀಟರ್ ಎತ್ತರದಲ್ಲಿದೆ, ಅಲ್ವಾ? ಅದನ್ನು ನೆನೆಸಿಕೊಂಡು ನಾನು ಬೆಟ್ಟವನ್ನು ಹಗುರವಾಗಿ ತೆಗೆದುಕೊಂಡೆ. ಆದರೆ ನಡೆಯಲು ಶುರು ಮಾಡುವ ಜಾಗ 200 ಮೀಟರ್‌ನಲ್ಲಿದೆ. ಬಾಕಿ 400 ಮೀಟರನ್ನು ಕಾಲೇ ಹತ್ತಬೇಕು.

ಟೋಕಿಯೊದ ಪೂರ್ವ ಭಾಗದ ನಿಶಿಕಸಾಯಿಯಲ್ಲಿರುವ ನಮ್ಮ ಮನೆ ಬಿಟ್ಟಾಗಲೇ ಹತ್ತು ಗಂಟೆ. ಜೊತೆಗೆ, ಇಳಿಯಬೇಕಾದ ಸ್ಟೇಷನ್ 'ತಕಾವೊಸಾಂಗುಚಿ'. ನಾವು ಅದಕ್ಕಿಂತ ಒಂದು ಸ್ಟೇಷನ್ ಮುಂಚೆ 'ತಕಾವೊ' ಅಂತ ಹೆಸರು ನೋಡಿ ಇಳಿದುಬಿಟ್ಟೆವು. ಮುಂದಿನ ರೈಲಿಗೆ ಕಾದು ಹೋಗುವಷ್ಟರಲ್ಲಿ 12 ದಾಟಿತ್ತು.

ಮೇಲೆ ಹೋಗಲು ಹಲವು ದಾರಿಗಳಿವೆ. 1ನೇ ದಾರಿಯ ಬಹುಭಾಗಕ್ಕೆ ಕಾಂಕ್ರೀಟ್ ಹಾಕಿದ್ದಾರೆ. ಅರ್ಧದವರೆಗೆ ಕೇಬಲ್ ಕಾರ್ ಕೂಡ ಇದೆ. ಅದರ ಹಳಿ ಒಂದು ಕಡೆ 31 ಡಿಗ್ರಿಯಷ್ಟು ಕಡಿದಾಗಿದೆ. ನಾವು 6ನೇ ದಾರಿ ಹಿಡಿದೆವು. ತೊರೆಯ ಪಕ್ಕದಲ್ಲೇ, ಸೀಡರ್ ಮರಗಳ ನೆರಳಿನಲ್ಲಿ ಸಾಗುವ ಮಣ್ಣಿನ ಹಾದಿ, ಸುಮಾರು 3.3 ಕಿಲೋಮೀಟರ್. ಸ್ವಲ್ಪ ದೂರ ಹೋದರೆ ಬಿವಾ ಜಲಪಾತ. ಸಾಧಕರು ಅದರ ಕೆಳಗೆ ನಿಂತು ತಪಸ್ಸು ಮಾಡುತ್ತಾರೆ. ಮೇಲಕ್ಕೆ ಹೋದ ಹಾಗೆ ದಾರಿ ತೊರೆಯ ಒಳಗೇ ಹೋಗುತ್ತದೆ, ಕಲ್ಲಿಂದ ಕಲ್ಲಿಗೆ ಕಾಲಿಟ್ಟು ಹತ್ತಬೇಕು. ನನ್ನ ಸವೆದ ವಾಕಿಂಗ್ ಶೂ ಒದ್ದೆ ಕಲ್ಲಿನ ಮೇಲೆ ಎರಡು ಸಲ ಜಾರಿತು. ಹೊಸ ಟ್ರೆಕ್ಕಿಂಗ್ ಶೂ ಬೇಕೇ ಬೇಕು ಅಂತ ಹೇಳುವುದಿಲ್ಲ, ಆದರೆ ಅಡಿಯಲ್ಲಿ ಹಲ್ಲು ಚೆನ್ನಾಗಿರುವ ಶೂ ಹಾಕಿಕೊಂಡು ಹೋಗಿ.

ಎದುರು ಸಿಕ್ಕವರೆಲ್ಲ 'ಕೊನ್ನಿಚಿವಾ' ಅನ್ನುತ್ತಾರೆ. ರೈಲಿನಲ್ಲಿ ಕಣ್ಣೆತ್ತಿ ನೋಡದ ಊರಿನವರೇ ಬೆಟ್ಟದಲ್ಲಿ ಮುಖ ನೋಡಿ ನಗುತ್ತಾರೆ. ಎಪ್ಪತ್ತು ದಾಟಿದಂತೆ ಕಾಣುವ ಅಜ್ಜ-ಅಜ್ಜಿಯರು ಸಣ್ಣ ಹೆಜ್ಜೆ ಇಡುತ್ತಾ ನಮ್ಮನ್ನು ಹಿಂದೆ ಹಾಕಿದರು. ಅವರು ಎಲ್ಲೂ ನಿಲ್ಲುತ್ತಿರಲಿಲ್ಲ, ಅವಸರವೂ ಪಡುತ್ತಿರಲಿಲ್ಲ. ನಾವು ಬಿರಬಿರನೆ ಹತ್ತು ನಿಮಿಷ ಹತ್ತಿ ಐದು ನಿಮಿಷ ಕೂರುತ್ತಿದ್ದೆವು. ಕೊನೆಗೆ ಅವರ ನಡಿಗೆಯನ್ನೇ ನೋಡಿ ಕಲಿತೆವು. ಮಾತಾಡುತ್ತಾ ಹತ್ತಲು ಆಗುವಷ್ಟು ನಿಧಾನ ಹೋದರೆ ಉಸಿರು ಕಟ್ಟುವುದಿಲ್ಲ.

ಒಂದೂವರೆ ಗಂಟೆಯ ದಾರಿಗೆ ನಮಗೆ ಎರಡೂಕಾಲು ಗಂಟೆ ಹಿಡಿಯಿತು. ತುದಿಯಿಂದ ಫುಜಿ ಕಾಣುತ್ತದೆ ಅಂತ ಕೇಳಿದ್ದೆ. ಅಷ್ಟು ಹೊತ್ತಿಗೆ ಆ ದಿಕ್ಕಿಗೆ ಮೋಡ ಮುಚ್ಚಿತ್ತು. ಮೇಪಲ್ ಮರಗಳು ಮಾತ್ರ ಕೈಬಿಡಲಿಲ್ಲ. ಒಂದು ಮರದ ಕೆಳಗೆ ಕೂತು ತಲೆ ಎತ್ತಿದೆ. ಬಿಸಿಲು ಹಿಂದಿನಿಂದ ಬೀಳುತ್ತಿತ್ತು. ತುದಿಯ ಎಲೆಗಳು ಕುಂಕುಮದ ಕೆಂಪು, ನಡುವಿನವು ಕಿತ್ತಳೆ, ಒಳಗಿನವು ಇನ್ನೂ ಹಸಿರು. ಒಂದೇ ಕೊಂಬೆಯಲ್ಲಿ ಮೂರೂ ಬಣ್ಣ. ಸುಮ್ನೆ ನೋಡುತ್ತಾ ಕೂತೆ.

ಡಬ್ಬಿಯಲ್ಲಿ ಗೊಜ್ಜವಲಕ್ಕಿ ಇತ್ತು. ನಾವು ಸಸ್ಯಾಹಾರಿಗಳು. ಬೆಟ್ಟದ ಅಂಗಡಿಗಳಲ್ಲಿ ಸಿಗುವ ಸೋಬಾ ನೂಡಲ್ಸ್‌ನ ಸಾರಿಗೆ ಸಾಮಾನ್ಯವಾಗಿ ಮೀನಿನ ರಸ ಹಾಕಿರುತ್ತಾರೆ. ಹಾಗಾಗಿ ಬುತ್ತಿ ಕಟ್ಟಿಕೊಂಡು ಹೋಗುವುದೇ ನೆಮ್ಮದಿ. ಖಾಲಿ ಪ್ಲಾಸ್ಟಿಕ್ಕೆಲ್ಲ ವಾಪಸ್ ಮನೆಗೆ ತರಬೇಕು, ಅದು ಇಲ್ಲಿನ ರೂಢಿ.

ತಿನ್ನುತ್ತಿದ್ದ ಹಾಗೆ ಚಳಿ ಹಿಡಿಯಿತು. ನಾನು ಹಾಕಿದ್ದು ಕಾಟನ್ ಟಿ-ಶರ್ಟ್. ಹತ್ತುವಾಗ ಬೆವರಿ ಒದ್ದೆಯಾಗಿತ್ತು, ಗಾಳಿ ಬೀಸಿದಾಗ ಬೆನ್ನು ಮಂಜುಗಡ್ಡೆಯಾಯಿತು. ಕಾಟನ್ ಬೇಗ ಒಣಗುವುದಿಲ್ಲ. ಈಗ ಪಾಲಿಯೆಸ್ಟರ್ ಬನಿಯನ್ ಹಾಕುತ್ತೇನೆ, ಬ್ಯಾಗಿನಲ್ಲಿ ಇನ್ನೊಂದು ಇಟ್ಟಿರುತ್ತೇನೆ.

ಇಳಿಯಲು ಹೊರಟಾಗ ಮೂರೂಕಾಲು. ನವೆಂಬರ್ ಕೊನೆಗೆ ಟೋಕಿಯೊದಲ್ಲಿ ಸೂರ್ಯ ಮುಳುಗುವುದು ನಾಲ್ಕೂವರೆಗೆ. ನನಗೆ ಅದು ಗೊತ್ತಿತ್ತು, ಆದರೆ ಬೆಳಗ್ಗೆ ಆ ಲೆಕ್ಕ ಹಾಕಿರಲಿಲ್ಲ. 1ನೇ ದಾರಿಯಲ್ಲಿ ಇಳಿದೆವು. ನಡುವೆ ಯಾಕುವೊ-ಇನ್ ದೇವಸ್ಥಾನ, 744ರಲ್ಲಿ ಕಟ್ಟಿದ್ದು ಅನ್ನುತ್ತಾರೆ. 'ಟೆಂಗು' ಅನ್ನುವ ಉದ್ದ ಮೂಗಿನ ಬೆಟ್ಟದ ದೇವತೆಯ ವಿಗ್ರಹಕ್ಕೆ ಕೈ ಮುಗಿದು ಮುಂದೆ ಹೊರಟೆವು. ಆಮೇಲೆ ಸಿಕ್ಕಿದ್ದು 'ತಾಕೊಸುಗಿ', ಅಂದರೆ ಆಕ್ಟೋಪಸ್ ಸೀಡರ್. ಹಿಂದೆ ದಾರಿ ಮಾಡುವಾಗ ಬೇರು ಅಡ್ಡ ಬಂತಂತೆ. ನಾಳೆ ಮರ ಕಡಿಯೋಣ ಅಂತ ತೀರ್ಮಾನಿಸಿದರಂತೆ. ಬೆಳಗಾಗುವಷ್ಟರಲ್ಲಿ ಮರ ತನ್ನ ಬೇರುಗಳನ್ನು ತಾನೇ ಸುರುಳಿ ಸುತ್ತಿಕೊಂಡು ದಾರಿ ಬಿಟ್ಟಿತಂತೆ. ಆ ಸುರುಳಿ ಈಗಲೂ ಹಾಗೇ ಇದೆ. ಬೇಲಿಯ ಈಚೆ ನಿಂತು ಬಹಳ ಹೊತ್ತು ನೋಡಿದೆ.

ಕೇಬಲ್ ಕಾರಿಗೆ ದೊಡ್ಡ ಕ್ಯೂ ಇತ್ತು. ನಡೆದೇ ಇಳಿದೆವು. ಕಾಂಕ್ರೀಟಿನ ಇಳಿಜಾರು ಮಂಡಿಗೆ ಕಷ್ಟ. ಕಾಲು ಮುಂದಕ್ಕೆ ಜಾರಿ ಹೆಬ್ಬೆರಳಿನ ಉಗುರು ಶೂಗೆ ಬಡಿದು ನೋಯತೊಡಗಿತು. ಇಳಿಯುವ ಮುಂಚೆ ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ, ಮೇಲ್ಭಾಗದ ಲೇಸ್ ಬಿಗಿಯಾಗಿ ಕಟ್ಟಬೇಕು ಅಂತ ಆಮೇಲೆ ತಿಳಿಯಿತು. ಮರಗಳ ಕೆಳಗೆ ನಾಲ್ಕೂಕಾಲಿಗೇ ಕತ್ತಲು. ಹಿಂದೆ ಬರುತ್ತಿದ್ದವರು ಹಣೆಗೆ ಲ್ಯಾಂಪ್ ಕಟ್ಟಿಕೊಂಡಿದ್ದರು. ಕೊನೆಯ ಅರ್ಧ ಗಂಟೆ ಮೊಬೈಲ್ ಟಾರ್ಚ್ ಹಿಡಿದು, ನನ್ನ ಗಂಡನ ತೋಳು ಹಿಡಿದು ಇಳಿದೆ. ನಿಜವಾಗಿಯೂ ಹೆದರಿದ್ದೆ.

ಈಗ ಯಾವ ಬೆಟ್ಟಕ್ಕೆ ಹೋಗುವುದಿದ್ದರೂ ಮೊದಲು ಸೂರ್ಯಾಸ್ತದ ಸಮಯ ಬರೆದುಕೊಳ್ಳುತ್ತೇನೆ. ಅದಕ್ಕಿಂತ ಎರಡು ಗಂಟೆ ಮುಂಚೆ ಬುಡದಲ್ಲಿರಬೇಕು. ಅಲ್ಲಿಂದ ಹಿಂದಕ್ಕೆ ಎಣಿಸಿ ಅಲಾರಂ ಇಡುತ್ತೇನೆ. ತುದಿ ಸಿಗದಿದ್ದರೂ ಆ ಹೊತ್ತಿಗೆ ತಿರುಗಿಬಿಡುತ್ತೇವೆ.

ಜನವರಿಯಲ್ಲಿ ಮತ್ತೆ ತಕಾವೊಗೆ ಹೋದೆವು. ಬೆಳಗ್ಗೆ ಆರಕ್ಕೇ ಮನೆ ಬಿಟ್ಟೆವು. ಚಳಿಗಾಲದ ಒಣ ಗಾಳಿಯಲ್ಲಿ ಫುಜಿ ಬಿಳಿಯಾಗಿ ಕಂಡಿತು. ಅಲ್ಲಿಂದ ಇನ್ನೂ ಮುಂದೆ, 670 ಮೀಟರಿನ ಶಿರೊಯಾಮಾದವರೆಗೆ ನಡೆದೆವು. ಮಂಜು ಕರಗಿ ದಾರಿಯೆಲ್ಲ ಕೆಸರಾಗಿತ್ತು. ಎರಡೂವರೆಗೆ ಕೆಳಗೆ ಬಂದು ಶೂ ತೊಳೆಯುತ್ತಿದ್ದಾಗ, ಮೇಪಲ್ ಮರಗಳ ಬೋಳು ಕೊಂಬೆಗಳ ಮೇಲೆ ಇನ್ನೂ ಬಿಸಿಲಿತ್ತು.